ಕೂಸಿನ ಮ್ಯಾಲೆ

ಒಂದು ಸುಳ್ಳು ಹೇಳಿ ನಾನು ಒಬ್ಬ ಹೆಣ್ಣುಮಗಳಿಂದ ಅವಳ ಮಗುವನ್ನು ಅಗಲಿಸಿದೆ. ದೊಡ್ಡ ಸುಳ್ಳೇನಲ್ಲ. "ನಿಮ್ಮ ಕಡೆ ಇಂಥ ಪದ್ಧತಿ ಏನಾದರೂ ಇದೆಯೇ?" ಎಂದು ನನ್ನ ಪ್ರಾಧ್ಯಾಪಕರು ಕೇಳಿದರು. ಇತ್ತು, ನನಗೆ ಗೊತ್ತಿತ್ತು. ನಾನು "ಇಲ್ಲ ಸರ್" ಎಂದೆ.

ಗಾಬರಿಯಲ್ಲಿ ಬಾಯಿ ತಪ್ಪಿ ಬಂದ ಮಾತು ಎಂದು ಯಾರಾದರೂ ತಿಳಿದಾರು — ಅಲ್ಲ. ಯೋಚಿಸಲು ನನಗೆ ಸಮಯವಿತ್ತು. ಯೋಚಿಸಿಯೇ ಹೇಳಿದೆ. ಹೇಳಿದ ಮೇಲೆ ನನ್ನ ಧ್ವನಿ ನಡುಗಲಿಲ್ಲವೆಂದು ಒಳಗೊಳಗೇ ಸಮಾಧಾನವನ್ನೂ ಪಟ್ಟುಕೊಂಡೆ. ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಉಳಿದವರೆಲ್ಲ ಇನ್ನೂ ಈ ಊರುಗಳಲ್ಲೇ ಬಾಳಬೇಕಾಗಿದೆ.

ಆಗ ನಾನು ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಎರಡನೆಯ ವರ್ಷದಲ್ಲಿದ್ದೆ. ಮನಃಶಾಸ್ತ್ರವೆಂದರೆ ನಮ್ಮ ಮಾಳಮಡ್ಡಿಯ ಓಣಿಯಲ್ಲಿ ಅರ್ಧ ಜನ ಕೈರೇಖೆ ನೋಡುವ ವಿದ್ಯೆ ಎಂದುಕೊಂಡಿದ್ದರು, ಇನ್ನರ್ಧ ಜನ ಹುಚ್ಚು ಬಿಡಿಸುವ ವಿದ್ಯೆ ಎಂದು. ಅಪ್ಪ ಯಾವುದನ್ನೂ ಅನ್ನಲಿಲ್ಲ. "ಪಿಎಚ್.ಡಿ.ಗೆ ತಗೊಂಡ್ರ ಓದು. ಇಲ್ಲಾಂದ್ರ ಬೆಳಗಾವಿ ವಕೀಲರ ಮನಿ ಸಂಬಂಧಕ್ಕ ನಾ ಹೂಂ ಅನ್ನಾಂವ," ಎಂದಷ್ಟೇ ಹೇಳಿದ್ದ. ಆ ವರ್ಷ ಸಂಶೋಧನೆಗೆ ಇದ್ದದ್ದು ಒಂದೇ ಜಾಗ. ಅದಕ್ಕಾಗಿ ನಾನು ಎರಡು ವರ್ಷ ಯಾರ ಮದುವೆಗೂ ಹೋಗಿರಲಿಲ್ಲ, ಯಾರೊಡನೆಯೂ ಮನಬಿಚ್ಚಿ ಮಾತಾಡಿರಲಿಲ್ಲ. ಮಾತಾಡದಿರುವುದು ನನಗೆ ಕಷ್ಟವೂ ಆಗಿರಲಿಲ್ಲ.

ಕೊನೆಯ ಪರೀಕ್ಷೆಗೆ ಮೊದಲು ಪ್ರತಿಯೊಬ್ಬರೂ ಒಬ್ಬ ವ್ಯಕ್ತಿಯನ್ನು ಹತ್ತಿರದಿಂದ ಅಭ್ಯಾಸ ಮಾಡಿ ವಿಭಾಗದ ಎದುರು ಓದಬೇಕಿತ್ತು. ನಾವು ಅದನ್ನು 'ಕೇಸ್' ಎನ್ನುತ್ತಿದ್ದೆವು. ಯಾರ ಕೇಸ್ ಗಟ್ಟಿಯೋ ಅವರಿಗೆ ಆ ಜಾಗ ಎಂದು ಎಲ್ಲರಿಗೂ ಗೊತ್ತಿತ್ತು. ನನ್ನ ಸಹಪಾಠಿ ಕುಲಕರ್ಣಿಗೆ ಮಾತು ತೊದಲುವ ಒಬ್ಬ ಗುಮಾಸ್ತ ಸಿಕ್ಕಿದ್ದ. ಕುಲಕರ್ಣಿ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ನನ್ನನ್ನು ಕೆಣಕಿದ: "ಏನ್ರೀ ಬಾಯಾರ, ಕೇಸ್ ಸಿಕ್ತೋ ಇಲ್ಲೋ? ಸಿಗಲಿಲ್ಲಂದ್ರ ಕನ್ನಡಿ ಮುಂದ ಕೂತು ಬರದುಬಿಡ್ರಿ. ಛಲೋ ಕೇಸ್ ಅದ." ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಬಳಿ ಕೇಸ್ ಇರಲಿಲ್ಲ.

ನಮ್ಮ ಮನೆಗೆ ಗೋಡೆ ಹಂಚಿಕೊಂಡ ಮನೆ ಹೈಸ್ಕೂಲಿನ ಗಣಿತದ ಮಾಸ್ತರರದು. ಅವರ ಮೊದಲ ಹೆಂಡತಿ ಸೀತಾ, ಎಳೆಗೂಸು ಉಷಾಳನ್ನು ಬಿಟ್ಟು ತೀರಿಕೊಂಡಿದ್ದಳು. ಆಮೇಲೆ ಅವರು ಗರಗದಿಂದ ಗೋದಾವರಿಯನ್ನು ಮದುವೆಯಾಗಿ ತಂದರು. ನನಗಿಂತ ತುಸುವೇ ದೊಡ್ಡವಳು. ನಾನು ಅವಳನ್ನು ಅತ್ತಿಗೆಯಂತೆ ಗೋದಾ ವೈನಿ ಎನ್ನುತ್ತಿದ್ದೆ. ಉಷಾ ಅವಳ ತೋಳಿನಲ್ಲೇ ಹಲ್ಲು ಬಂದವಳು, ನಡೆದವಳು, ಮಾತಾಡಿದವಳು. ಐದು ವರ್ಷದವಳಾದರೂ ಬಗಲು ಬಿಡುತ್ತಿರಲಿಲ್ಲ. "ಕಾಲು ನೆಲಕ್ಕ ಹತ್ತಾಕತ್ತಾವಲ್ಲೇ, ಇನ್ನೂ ಬಗಲಾಗ ಬೇಕೇನ ನಿನಗ?" ಎಂದು ಓಣಿಯ ಹೆಂಗಸರು ಚಾಷ್ಟಿ ಮಾಡಿದರೆ ವೈನಿಯೇ ಉತ್ತರ ಕೊಡುತ್ತಿದ್ದಳು: "ಹತ್ತಲಿ ಬಿಡ್ರಿ. ಸವೆದ್ರ ನೆಲಾ ಸವೀತೈತಿ, ನನ್ನ ಬಗಲೇನ ಸವಿಯಂಗಿಲ್ಲ."

ವೈನಿಯ ಕೊರಳಲ್ಲಿ ತಾಳಿಯ ಜೊತೆ ಒಂದು ಸಣ್ಣ ಬೆಳ್ಳಿಯ ಬಿಲ್ಲೆ ಇತ್ತು. ಎರಡನೆಯ ಸಂಬಂಧಕ್ಕೆ ಬಂದವಳು ಸತ್ತ ಹಿರಿಯಳ ಹೆಸರಿನಲ್ಲಿ ಅಂಥದೊಂದು ಬಿಲ್ಲೆ ಕಟ್ಟಿಕೊಳ್ಳುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಅದನ್ನು ಬಿಲ್ಲೆ ಎನ್ನುವುದಿಲ್ಲ, 'ಅಕ್ಕ' ಎನ್ನುತ್ತಾರೆ. ಹೊಸ ಸೀರೆ ಉಡುವ ಮುನ್ನ ಅಕ್ಕನಿಗೆ ತೋರಿಸುತ್ತಾರೆ. ಹಬ್ಬದ ಎಡೆ ಮೊದಲು ಅಕ್ಕನಿಗೆ. ಸಿಟ್ಟು ಬಂದರೆ ಅಕ್ಕನ ಮುಂದೆಯೇ ಗಂಡನನ್ನು ಬೈಯುತ್ತಾರೆ. ನನ್ನ ಅಜ್ಜಿಯೂ ಎರಡನೆಯವಳು. ನಾನು ಚಿಕ್ಕವಳಿದ್ದಾಗ ಅವಳು ತುತ್ತು ಎತ್ತುವ ಮುನ್ನ "ಅಕ್ಕಾ, ಮೊದಲ ನೀ" ಎನ್ನುವುದನ್ನು ದಿನವೂ ಕೇಳಿದ್ದೇನೆ. ಅದನ್ನು ಕೇಳಿ ಯಾರೂ ಹೆದರಲಿಲ್ಲ. ಊಟಕ್ಕೆ ಕೂತಾಗ ನೀರು ಇಡುವಷ್ಟು ಸಹಜವಾಗಿತ್ತು ಅದು.

ಆ ಮಧ್ಯಾಹ್ನ ಉಷಾಗೆ ಜ್ವರ ಬಂದಿತ್ತು. ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ವೈನಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಗೂಡಿನಲ್ಲಿ ಡಾಕ್ಟರ ಔಷಧದ ಬಾಟಲಿ ಇತ್ತು, ಒಂದು ಗುಟುಕು ಕಡಿಮೆಯಾಗಿತ್ತು. ನಾನು ನೋಡಿದೆ.

"ಏನಿಲ್ಲ ತಂಗಿ," ಎಂದಳು ವೈನಿ. "ಅಕ್ಕ ಕೂಸಿನ ಮ್ಯಾಲೆ ಕೇಳಾಕತ್ತಾಳ. ಹಬ್ಬಕ್ಕ ಖಣ ಏರಸೋದು ಮರತೆ ನೋಡು. ಔಷಧ ಕೊಟ್ಟೀನಿ, ನಾಳಿ ಖಣಾನೂ ಏರಸತೇನಿ. ಆರಾಮ ಆಗತೈತಿ."

ಈ ಮಾತಿನ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರು ತಮಗೆ ಸಲ್ಲಬೇಕಾದದ್ದು ಸಲ್ಲದಿದ್ದರೆ ಮನೆಯ ಕೂಸಿನ ಮೈ ಬೆಚ್ಚಗೆ ಮಾಡಿ ನೆನಪು ಕೊಡುತ್ತಾರೆ ಎಂಬ ನಂಬಿಕೆ. ಕೂಸಿನ ಮ್ಯಾಲೆ ಕೇಳುವುದೆಂದರೆ ಕೂಸಿನ ನೆಪದಲ್ಲಿ ಖಣ, ಅಂದರೆ ಒಂದು ಕುಬಸದ ಬಟ್ಟೆ, ಕೇಳುವುದು. ಅದಕ್ಕಿಂತ ಹೆಚ್ಚಿನದೇನೂ ಇಲ್ಲ.

ನಾನು ಪೆನ್ಸಿಲ್ ತೆಗೆದೆ.

"ಅಕ್ಕ ಹೆಂಗ ಹೇಳತಾಳ ವೈನಿ? ಕಿವ್ಯಾಗ ಕೇಳಸತೈತೇನು?"

ಅವಳು ನಕ್ಕಳು. "ನಿಂದೊಂದು! ನಿಮ್ಮ ಅಜ್ಜಿಗೆ ಹೆಂಗ ಹೇಳತಿದ್ಲು? ಹಂಗ."

ನೋಡಿ — ಅವಳೇ ಹೇಳಿದ್ದಳು. ನನ್ನ ಕೈಗೇ ಇಟ್ಟಿದ್ದಳು. ನಾನು ಮೊದಲ ಮಾತುಗಳನ್ನು ಬರೆದುಕೊಂಡೆ, ಈ ಮಾತನ್ನು ಬರೆದುಕೊಳ್ಳಲಿಲ್ಲ.

"ಏನ್ ಗೀಚಾಕತ್ತೀ?"

"ಸುಮ್ಮ. ಕಾಲೇಜಿನ ಕೆಲಸ."

"ನನ್ನ ಬಗ್ಗೆ ಬರದ್ರ ಛಲೋ ಸೀರಿ ಉಡಿಸಿ ಬರಿಯವಾ. ಈ ಹರಕ ಸೀರ್ಯಾಗ ಬ್ಯಾಡ," ಎಂದು ಮತ್ತೆ ನಕ್ಕಳು. ಜ್ವರದಲ್ಲೂ ಉಷಾ ನಕ್ಕಿತು.

ಆ ವಾರವೆಲ್ಲ ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಬಂದೆ. ಖಣ ಏರಿಸಿದ ದಿನ ಜ್ವರ ಇಳಿದಿತ್ತು, ಔಷಧವೂ ಮುಗಿದಿತ್ತು. ಆಮೇಲೂ ನಾನು ಕೇಳುತ್ತಲೇ ಇದ್ದೆ. ಅಕ್ಕನಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿದೆಯೇ? ಉಷಾ ಯಾರ ಮಗಳು, ಅಕ್ಕನದೋ ನಿನ್ನದೋ? "ಇಬ್ಬರದೂ," ಎಂದಳು ವೈನಿ. "ಆಕಿ ಕೇಳಿದ್ರ ಇಲ್ಲ ಅನ್ನಾಕ ಬರತೈತೇನು?" ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆ ಎಂದು ನಾನು ಎರಡು ವರ್ಷ ಕಲಿತಿದ್ದೆ. ಬೇಕಾದ ಉತ್ತರ ಬರುವಂಥ ಪ್ರಶ್ನೆಗಳನ್ನೇ ಕೇಳಿದೆ.

ನಂತರ ಇಂಗ್ಲಿಷಿಗೆ ಇಳಿಸುವ ಕೆಲಸ. ಎಲ್ಲ ಮಾತೂ ಸುಲಭವಾಗಿ ಇಳಿದವು, 'ಮ್ಯಾಲೆ' ಎಂಬುದೊಂದು ಇಳಿಯಲಿಲ್ಲ. ಮೊದಲು 'ಮಗುವಿನ ಮೂಲಕ ತನ್ನ ಪಾಲನ್ನು ಕೇಳುತ್ತಿದ್ದಾಳೆ' ಎಂಬ ಅರ್ಥ ಬರುವಂತೆ ಬರೆದೆ. ಓದಿ ನೋಡಿದೆ. ಸಪ್ಪಗಿತ್ತು. ಓಣಿಯ ಹೆಂಗಸೊಬ್ಬಳ ಭೋಳೆ ನಂಬಿಕೆ — ಅದಕ್ಕೆ ಯಾರು ಜಾಗ ಕೊಡುತ್ತಾರೆ? ಹೊಡೆದುಹಾಕಿದೆ. 'ಮಗುವನ್ನು ಕೇಳುತ್ತಿದ್ದಾಳೆ' ಎಂದು ಬರೆದೆ. ಸತ್ತವಳು ಮಗುವನ್ನು ಕೇಳುತ್ತಿದ್ದಾಳೆ. ಇವಳು, ಇಲ್ಲ ಅನ್ನಲು ಬರುವುದಿಲ್ಲ ಎನ್ನುತ್ತಾಳೆ. ಬರೆದ ಮೇಲೆ ನನಗೇ ಮೈ ಜುಮ್ಮೆಂದಿತು. ಆ ಜುಮ್ಮೆನ್ನುವಿಕೆಯನ್ನು ನಾನು ಶಾಸ್ತ್ರದ ಬೆಳಕು ಎಂದುಕೊಂಡೆ.

ಓದಿದ ದಿನ ಕೋಣೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪ್ರಾಧ್ಯಾಪಕರು ಬಂಗಾಳದ ಕಡೆಯವರು. ಕನ್ನಡದಲ್ಲಿ ಅವರಿಗೆ ಬಸ್ಸಿಗೆ, ಹಾಲಿನವನಿಗೆ ಬೇಕಾದಷ್ಟೇ ಮಾತು ಬರುತ್ತಿತ್ತು. ಆದರೆ ಎಚ್ಚರದ ಮನುಷ್ಯ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಿಧಾನವಾಗಿ ಕೇಳಿದರು: "ಒಂದು ಅನುಮಾನ. ಸತ್ತ ಸವತಿಯೊಡನೆ ಮಾತಾಡುವುದು, ಅವಳಿಗೆ ಉಣಬಡಿಸುವುದು — ನಿಮ್ಮ ಕಡೆ ಇಂಥ ಪದ್ಧತಿ ಏನಾದರೂ ಇದೆಯೇ? ಇದ್ದರೆ ಇದು ಕಾಯಿಲೆಯಲ್ಲ."

ಕುಲಕರ್ಣಿ ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆ ಗೊತ್ತಿತ್ತೋ ಇಲ್ಲವೋ — ನಾನು ಅವನ ಮೇಲೆ ಹೊರಿಸುವುದಿಲ್ಲ. ಪ್ರಶ್ನೆ ಕೇಳಿದ್ದು ನನ್ನನ್ನು.

"ಇಲ್ಲ ಸರ್."

ಅವರು ಕನ್ನಡಕ ಹಾಕಿಕೊಂಡರು. "ಹಾಗಾದರೆ ಆ ಮನೆಯಲ್ಲಿರುವ ಮಗುವಿನ ಬಗ್ಗೆ ನಾವು ಸುಮ್ಮನಿರುವಂತಿಲ್ಲ," ಎಂದರು.

ಈ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ನನ್ನ ಲೆಕ್ಕದಲ್ಲಿ ಆ ಮನೆ ಕಾಗದದಲ್ಲಷ್ಟೇ ಇತ್ತು. ಅಲ್ಲಿ ಉಸಿರಾಡುವ ಜನರಿದ್ದಾರೆ, ಅವರಿಗೆ ಸುದ್ದಿ ಮುಟ್ಟುತ್ತದೆ ಎಂದು — ಇಷ್ಟು ಸಣ್ಣ ಮಾತು ನನಗೆ ಹೊಳೆಯಲಿಲ್ಲ. ಆಗಲೂ ಬಾಯಿ ಬಿಡಬಹುದಿತ್ತು. ಅವರು ಮನೆಯವರ ಹೆಸರು ಕೇಳಿದರು. ಕೊಟ್ಟೆ.

ಮಾಸ್ತರರನ್ನು ವಿಭಾಗಕ್ಕೆ ಕರೆಸಿದರು. ಅವರು ಒಳಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮಾಸ್ತರರು ಹೊಸ ವಿಚಾರದ ಮನುಷ್ಯ. ಹೆಂಡತಿಯ ಬಿಲ್ಲೆ ಹಳ್ಳಿಯ ಹುಚ್ಚಾಟವೆಂದು ಮೊದಲಿನಿಂದಲೂ ನಾಚುತ್ತಿದ್ದರು. ಬಾಗಿಲು ತೆರೆದು ಹೊರಗೆ ಬಂದಾಗ ಅವರ ಮುಖ ಸುಣ್ಣದಂತಾಗಿತ್ತು. ನನ್ನೆದುರು ನಿಂತು ಎರಡೂ ಕೈ ಜೋಡಿಸಿದರು.

"ತಂಗೀ, ನೀ ಇರಲಿಲ್ಲಂದ್ರ ನಮ್ಮ ಕೂಸು..." ಎಂದರು.

ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ.

ಮಾಸ್ತರರು ಹೇಳಿಕಳಿಸಿದ್ದಕ್ಕೆ ಅಂದು ಸಂಜೆಯೇ ಹುಬ್ಬಳ್ಳಿಯಿಂದ ಸೀತಾಳ ತಂದೆ ಬಂದು ಉಷಾಳನ್ನು ಕರೆದೊಯ್ದರು. ಮಗು ಹಬ್ಬಕ್ಕೆಂದು ತಿಳಿದು ಹೊಸ ಲಂಗ ಉಟ್ಟು ಹೊರಟಿತು. ಟಾಂಗಾ ಹತ್ತುವಾಗ ವೈನಿ ಮುದ್ದಿಸಲು ಕೈ ಚಾಚಿದಳು. ಮಾಸ್ತರರು ನಡುವೆ ಬಂದು ನಿಂತರು. ಅವಳಿಗೆ ಏನೆಂದು ತಿಳಿಯಲಿಲ್ಲ. ತಿಳಿದ ಮೇಲೆ ಅವಳು ಬಂದದ್ದು ನನ್ನ ಬಳಿಗೆ, ಅದೇ ಹಿತ್ತಲ ಬಾಗಿಲಿನಿಂದ.

"ಸುಮಾ, ನೀ ಹೇಳವಾ ಅವರಿಗೆ. ನೀ ಓದಿದಾಕಿ, ನಿನ್ನ ಮಾತು ಕೇಳತಾರ. ಯಾರೋ ಏನೋ ತಿಳಕೊಂಡಾರ. ಕೂಸಿನ ಮ್ಯಾಲೆ ಕೇಳೋದಂದ್ರ ಏನಂತ ನಿನಗ ಗೊತ್ತೈತಿ. ಹೌದಲ್ಲ? ಹೇಳು."

ಯಾರೋ ಏನೋ — ನಾನೆಂದು ಅವಳಿಗೆ ಗೊತ್ತಿರಲಿಲ್ಲ.

"ಡಾಕ್ಟರಿಗೆ ತೋರಸ್ರಿ ವೈನಿ," ಎಂದೆ. "ಆರಾಮ ಆಗತೈತಿ."

ಅವಳು ನನ್ನ ಮುಖವನ್ನೇ ನೋಡಿದಳು. ಅಂದು ಏನನ್ನು ಓದಿಕೊಂಡಳೋ, ಬಂದ ಬಾಗಿಲಿನಿಂದಲೇ ಹೊರಟುಹೋದಳು. ಕೆಲ ದಿನ ಡಾಕ್ಟರು ಕೊಟ್ಟ ನಿದ್ದೆಯ ಗುಳಿಗೆ ನುಂಗಿ ಮಂಕಾಗಿ ಮನೆಯಲ್ಲೇ ಬಿದ್ದಿದ್ದಳು. ಆಮೇಲೆ 'ಗುಣ ಆಗೋತನಕ' ಎಂದು ಮಾಸ್ತರರು ಅವಳನ್ನು ಗರಗಕ್ಕೆ ಬಿಟ್ಟು ಬಂದರು.

ನನಗೆ ಮೊದಲ ದರ್ಜೆ ಬಂತು. ಜಾಗವೂ ಸಿಕ್ಕಿತು. ಬೆಳಗಾವಿಯವರಿಗೆ ಅಪ್ಪ ಇಲ್ಲವೆಂದು ಬರೆದ. ಕೆಲ ವರ್ಷ ಓದಿದೆ, ಮನೆಯಲ್ಲೂ ಹೊರಗೂ ಎಲ್ಲರೂ ಮರ್ಯಾದೆಯಿಂದ ಮಾತಾಡಿಸಿದರು. ಗೋಡೆಯಾಚೆ ಮಾಸ್ತರರೊಬ್ಬರೇ ಒಲೆ ಹಚ್ಚುವ ಸದ್ದು ಕೇಳುತ್ತಿತ್ತು. ಗುಣವಾಗುವ ತನಕ ಎಂದಿದ್ದರಲ್ಲ — ಇಲ್ಲದ ರೋಗ ಯಾವಾಗ ಗುಣವಾಗುತ್ತದೆ, ಅದನ್ನು ಯಾರು ನೋಡಿ ಹೇಳುತ್ತಾರೆ? ಈ ಪ್ರಶ್ನೆ ನನ್ನೊಳಗೆ ಎದ್ದಾಗಲೆಲ್ಲ ನಾನು ಪುಸ್ತಕ ತೆರೆಯುತ್ತಿದ್ದೆ.

ಕೊನೆಗೆ ಪ್ರಾಧ್ಯಾಪಕರೇ ಹೇಳಿದರು: ಪ್ರಬಂಧದಲ್ಲಿ ಆ ಕೇಸೇ ಮುಖ್ಯ ಅಧ್ಯಾಯವಾಗಲಿ, ಹೋಗಿ ಅವಳ ಈಗಿನ ಸ್ಥಿತಿ ನೋಡಿ ಬನ್ನಿ.

ಗರಗದಲ್ಲಿ ಅವಳು ತಮ್ಮನ ಮನೆಯ ಪಡಸಾಲೆಯಲ್ಲಿ ಕೂತು ನೂಲುತ್ತಿದ್ದಳು. ಕೊರಳಲ್ಲಿ ಬಿಲ್ಲೆ ಇರಲಿಲ್ಲ. "ಬಾರವಾ, ಕೂಡು," ಎಂದಳು, ನಿನ್ನೆಯಷ್ಟೇ ನೋಡಿದವಳಂತೆ. ಚಹಾ ತರಿಸಿದಳು. ನನ್ನ ಓದಿನ ಬಗ್ಗೆ ವಿಚಾರಿಸಿದಳು. ಸಿಟ್ಟಿನಿಂದ ಬೈದಿದ್ದರೆ ನಾನು ಬರೆದುಕೊಂಡು ಎದ್ದು ಬರುತ್ತಿದ್ದೆನೇನೋ. ಅವಳು ಬೈಯಲಿಲ್ಲ. ರಾಟಿ ನಿಲ್ಲಿಸಿ, ತಮ್ಮನ ಹೆಂಡತಿ ಒಳಗೆ ಹೋದದ್ದು ನೋಡಿ, ದನಿ ತಗ್ಗಿಸಿ ಕೇಳಿದಳು:

"ಉಷಾ ನನ್ನ ಅಂಜತಾಳಂತ. ಖರೇನ?"

ನನಗೆ ಗೊತ್ತಿಲ್ಲ ಎಂದೆ.

"ನನಗೂ ನನ್ನ ಅಂಜಿಕಿ ಬರತೈತಿ ಈಗ," ಎಂದಳು. "ಮೊದಲ ಇರಲಿಲ್ಲ. ಅಷ್ಟ ಓದಿದವ್ರು ಹೇಳ್ಯಾರಂದ್ರ ಏನರ ಇರಬೇಕಲ್ಲ? ತಮ್ಮನ ಕೂಸು ಎತ್ಕೊಳ್ಳಂಗಿಲ್ಲ ನಾ. ಅವರು ಬ್ಯಾಡ ಅಂದಿಲ್ಲ, ನಾನ ಎತ್ಕೊಳ್ಳಂಗಿಲ್ಲ. ನೀ ಹೇಳು ಸುಮಾ — ನಾ ಖರೇನ ಹಂಗ ಮಾಡತಿದ್ನೇನೊ?"

ನಾನು ಓದಿದ ಶಾಸ್ತ್ರದಲ್ಲಿ ಇದಕ್ಕೆ ಹೆಸರುಗಳಿವೆ. ಇಲ್ಲದ ರೋಗವನ್ನು ನಾನು ಬರೆದಿದ್ದೆ. ಅದು ಈಗ ಇತ್ತು. ಅವಳ ಕೈಗಳನ್ನು ಅವಳೇ ನಂಬದಂತೆ ಮಾಡಿ ಅವಳೊಳಗೆ ಮನೆ ಮಾಡಿಕೊಂಡಿತ್ತು.

"ಅದನ್ನ ಹೇಳಿದಾಕಿ ನಾನ, ವೈನಿ. ನನಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದು ಸುಳ್ಳು ಹೇಳಿದೆ," ಎಂದೆ.

ಅವಳು ನೂಲಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ "ನಂಬಾಕ ಆಗವಲ್ದು," ಎಂದಳು. ನನ್ನ ಸುಳ್ಳನ್ನೋ, ಇಂದಿನ ನಿಜವನ್ನೋ — ಯಾವುದನ್ನು ನಂಬಲಾಗುತ್ತಿಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಪ್ರಾಧ್ಯಾಪಕರಿಗೆ ಎಲ್ಲವನ್ನೂ ಹೇಳಿದೆ. ಅವರು ಗದರಲಿಲ್ಲ. "ನಾನು ಕೇಳಿದ್ದೆ," ಎಂದರು. ಕನ್ನಡಕ ತೆಗೆದಿಟ್ಟು ಮತ್ತೊಮ್ಮೆ, "ನಾನು ಕೇಳಿದ್ದೆನಲ್ಲ," ಎಂದರು. ನಾನು ಜಾಗ ಬಿಟ್ಟೆ. ಅದನ್ನು ತ್ಯಾಗವೆಂದು ಯಾರೂ ತಿಳಿಯಬಾರದು. ಅದು ನನ್ನದಾಗಿರಲೇ ಇಲ್ಲ. ಮಾಸ್ತರರಿಗೆ ಹೇಳಿದಾಗ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಉಳಿದದ್ದು ಹುಬ್ಬಳ್ಳಿ. ಸೀತಾಳ ತಾಯಿಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಾರೆ. ನಾನು ನಿಂತೇ ಹೇಳಿದೆ. ಅವರು ಕಾಳು ಆರಿಸುತ್ತ ಕೇಳಿದರು, ಮೊರದಿಂದ ಕಣ್ಣೆತ್ತದೆ.

"ಗೋದಾವರಿ ಕೊರಳಾಗ ಆ ಅಕ್ಕನ್ನ ಕಟ್ಟಿದಾಕಿ ನಾನ," ಎಂದರು. "ಈ ಕೈಲೆ. ಒಬ್ಬ ಮಗಳು ಹೋದ್ಲು, ನೀ ಇನ್ನೊಬ್ಬ ಮಗಳು ಅಂತ ಹೇಳಿ ಕಟ್ಟಿದ್ದೆ."

"ಹಂಗಾದ್ರ ಕೂಸಿನ ಮ್ಯಾಲೆ ಕೇಳೋದಂದ್ರ ಏನಂತ ನಿಮಗ ಗೊತ್ತಿತ್ತಲ್ರಿ ಆಯಿ?"

"ಗೊತ್ತಿಲ್ಲದ ಏನು? ಆದ್ರ ಯುನಿವರ್ಸಿಟಿಯವ್ರು ಬ್ಯಾರೇನ ಹೇಳಿದ್ರು. ನಾವೇನ ಓದಿದವ್ರಾ? ಇಷ್ಟ ದಿನ ನಾವ ತಪ್ಪು ತಿಳದಿದ್ವೇನೊ ಅಂತ ಬಾಯಿ ಮುಚಗೊಂಡು ಕೂತೆ." ಮೊರ ಪಕ್ಕಕ್ಕಿಟ್ಟರು. "ಐತವಾರ ಗರಗಕ್ಕ ಹೋಗತೇನಿ. ಗೋದಿ ಬರತಾಳೋ ಇಲ್ಲೋ. ಈ ಹುಡುಗಿ ಬರಂಗಿಲ್ಲ ಅಂತೈತಿ, ಆಕಿ ಹೆಸರು ಎತ್ತಿದ್ರ ನಡಗತೈತಿ. ನಾ ಏನೂ ಹೇಳಂಗಿಲ್ಲ ಹುಡುಗಿಗೆ. ನೀನ ಹೇಳು."

ಉಷಾ ಶಾಲೆಯಿಂದ ಬಂದಿತ್ತು. ಎತ್ತರವಾಗಿತ್ತು. ನಾನು ಕೆಳಗೆ ಕೂತು, ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿದೆ.

"ಅವ್ವ ನನ್ನ ಸತ್ತಾಕಿಗೆ ಕೊಡಾಕ ಹೊಂಟಿರಲಿಲ್ಲೇನು?"

"ಇಲ್ಲವಾ. ಕೊಡಾಕ ಹೊಂಟಿದ್ದು ಒಂದು ಖಣ."

"ಮತ್ತ ಎಲ್ಲಾರೂ ಹಂಗ್ಯಾಕ ಹೇಳಿದ್ರು?"

"ನಾ ಹೇಳಿದ್ದಕ್ಕ."

"ನೀವ್ಯಾಕ ಹೇಳಿದ್ರಿ?"

"ನನಗ ಒಂದು ಜಾಗ ಬೇಕಾಗಿತ್ತು."

ಯಾವ ಜಾಗ ಎಂದು ಉಷಾ ಕೇಳಲಿಲ್ಲ. ಹಿಂದೆ ಸರಿಯಿತು. ಆಯಿಯ ಸೆರಗು ಹಿಡಿದು ಅವರ ಬೆನ್ನ ಹಿಂದೆ ಹೋಗಿ ನಿಂತು, ಅಲ್ಲಿಂದ ನನ್ನನ್ನು ನೋಡಿತು. ಇಷ್ಟು ವರ್ಷ ಗೋದಾ ವೈನಿಯ ಹೆಸರಿಗೆ ನಡುಗಿದ ಕಣ್ಣುಗಳು ಈಗ ನನ್ನ ಮೇಲೆ ನಿಂತಿದ್ದವು. ಸಮಾಧಾನದ ಮಾತು ಹೇಳಬಹುದಿತ್ತು, ಹೇಳಲಿಲ್ಲ. ಚೆನ್ನಾಗಿ ನೋಡಿಕೊಳ್ಳಲಿ, ಅಂಜಬೇಕಾದ ಮುಖ ಯಾವುದೆಂದು ಇನ್ನು ಮರೆಯದಿರಲಿ ಎಂದು ತಲೆ ತಗ್ಗಿಸದೆ ಅಲ್ಲೇ ಕೂತಿದ್ದೆ.